ಪೊಲೀಸಪ್ಪನ ಬಂದೂಕು, ಪೊಲೀಸಮ್ಮನ ಬ್ಯಾಟರಿ

ರಜೆಯ ದಿನ ಬೆಳಗಿನ ಚಹಾ ಮುಗಿದ ಮೇಲೆ ನಾನು ಮಾಡುವ ಮೊದಲ ಕೆಲಸ ನನ್ನ ಬ್ಯಾಟರಿ ಒರೆಸುವುದು. ಬ್ಯಾಟರಿ ಎಂದರೆ ಟಾರ್ಚು. ನಮ್ಮ ಧಾರವಾಡದ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ, ಅದರ ಹೊಟ್ಟೆಯೊಳಗೆ ಹಾಕುವುದಕ್ಕೆ ಸೆಲ್ಲು ಎನ್ನುತ್ತಾರೆ. ಐರ್ಲೆಂಡಿಗೆ ಬಂದು ಇಷ್ಟು ವರ್ಷವಾದರೂ ನನ್ನ ನಾಲಿಗೆ ಅದನ್ನು ಬಿಟ್ಟಿಲ್ಲ. ಗಂಡನ ಹಳೆಯ ಬನಿಯನ್ನಿನ ತುಂಡು ತೆಗೆದುಕೊಂಡು, ಗಾಜಿನ ಮೇಲೆ ಬಾಯಿಂದ ಹಬೆ ಬಿಟ್ಟು ತಿಕ್ಕಿ, ತಿರುಪಿನ ಸಂದಿಯ ಧೂಳು ತೆಗೆದು, ಒಂದು ಹನಿ ಎಣ್ಣೆ ಸವರಿ, ಹಾಡಹಗಲಲ್ಲಿ ಗೋಡೆಗೆ ಬೆಳಕು ಬಿಟ್ಟು ನೋಡುತ್ತೇನೆ. ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಇನ್ನೊಮ್ಮೆ ನೋಡುತ್ತೇನೆ.

ನನ್ನ ಗಂಡ ಇಮ್ತಿಯಾಜ್ ಬೆಂಗಳೂರಿನವನು, ಕಂಪ್ಯೂಟರಿನ ಕೆಲಸದವನು. ಅವನ ಕೆಲಸದ ಸಾಮಾನಿಗೆ ಎಣ್ಣೆ ಬೇಕಾಗುವುದಿಲ್ಲವಾದ್ದರಿಂದ ಅವನಿಗೆ ಇದೊಂದು ತಮಾಷೆ.

"ಏನ್ ಮೇಡಂ, ಯುದ್ಧ ಯಾವತ್ತಿಂದ ಶುರು?" ಅನ್ನುತ್ತಾನೆ.

"ನಿನ್ನ ಬನಿಯನ್ ಮುಗಿದ ಮೇಲೆ," ಅನ್ನುತ್ತೇನೆ.

ನಗಬೇಡಿ. ನಾನು ಪೊಲೀಸ್. ಇಲ್ಲಿ ಪೊಲೀಸರಿಗೆ ಗಾರ್ಡಾ ಎನ್ನುತ್ತಾರೆ, ಬೀದಿಯಲ್ಲಿ ಕರೆಯುವಾಗ ಬರೀ 'ಗಾರ್ಡ್'. ಡಬ್ಲಿನ್ನಿನ ಅಂಚಿನ ಟಾಲಾದಲ್ಲಿ ನನ್ನ ಬೀಟು. ಅಲ್ಲೇ ಮನೆ. ಸೊಂಟಕ್ಕೆ ಒಂದು ಲಾಠಿ, ಒಂದು ಮೆಣಸಿನ ಸ್ಪ್ರೇ, ಒಂದು ಜೊತೆ ಕೈಕೋಳ, ಎದೆಯ ಮೇಲೆ ರೇಡಿಯೋ. ಬಂದೂಕಿಲ್ಲ. ಬೀಟಿನ ಗಾರ್ಡಾಗಳಿಗೆ ಈ ದೇಶದಲ್ಲಿ ಬಂದೂಕು ಕೊಡುವುದಿಲ್ಲ. ಇದನ್ನು ಮೊದಲ ಸಲ ಕೇಳಿದ ನಮ್ಮೂರಿನವರು ತೀರಾ ಮೆಲ್ಲಗೆ, ಕಾಯಿಲೆಯವರನ್ನು ವಿಚಾರಿಸುವ ಧ್ವನಿಯಲ್ಲಿ, "ಮತ್ತ ಹೆಂಗ್ ಮಾಡ್ತೀರಿ?" ಎಂದು ಕೇಳುತ್ತಾರೆ.

ಹೀಗೆ ಕೇಳಿದವರಲ್ಲಿ ಎಲ್ಲರಿಗಿಂತ ಮೊದಲಿಗ ನನ್ನ ಅಪ್ಪ. ಅವನು ಕೇಳುವುದರಲ್ಲಿ ನ್ಯಾಯವೂ ಇತ್ತು. ಅವನು ಸಶಸ್ತ್ರ ಮೀಸಲು ಪಡೆಯ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು. ಅಂದರೆ ಠಾಣೆಯಲ್ಲಿ ಕೂತು ದೂರು ಬರೆದುಕೊಳ್ಳುವ ಪೊಲೀಸ್ ಅಲ್ಲ, ಹೆಗಲಿಗೆ ಬಂದೂಕು ಏರಿಸಿ ಬಂದೋಬಸ್ತಿಗೆ ಹೋಗುವ ಪೊಲೀಸ್. ಧಾರವಾಡದ ಪೊಲೀಸ್ ಕ್ವಾರ್ಟರ್ಸಿನಲ್ಲಿ ಬೆಳೆದ ನಮಗೆ ಬಂದೂಕು ಎಂದರೆ ಗುಂಡಿನ ಸದ್ದಲ್ಲ, ಎಣ್ಣೆಯ ವಾಸನೆ. ಪರೇಡಿನ ದಿನ ನಾವು ಹುಡುಗಿಯರೆಲ್ಲ ಮೈದಾನದ ಗೋಡೆ ಹತ್ತಿ ಕೂರುತ್ತಿದ್ದೆವು. ಪರೇಡ್ ಮುಗಿದ ಮೇಲೆ ಅಪ್ಪಂದಿರು ಬೇವಿನ ಮರದ ಕೆಳಗೆ ಸಾಲಾಗಿ ಕೂತು ಬಂದೂಕು ಸ್ವಚ್ಛ ಮಾಡುವರು. ಉದ್ದ ದಾರದ ತುದಿಗೆ ಚಿಂದಿ ಕಟ್ಟಿ, ನಳಿಗೆಯ ಈ ಕಡೆಯಿಂದ ಇಳಿಬಿಟ್ಟು ಆ ಕಡೆಯಿಂದ ಎಳೆಯುವುದು. ಎಳೆದಾದ ಮೇಲೆ ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ಆಕಾಶ ನೋಡುವುದು. ಆಗ ಅವರು ಪೊಲೀಸರ ಹಾಗೆ ಕಾಣುತ್ತಲೇ ಇರಲಿಲ್ಲ. ಕಾಳು ಹಸನು ಮಾಡುವ ಹೆಂಗಸರ ಹಾಗೆ, ಮಾತಾಡುತ್ತ ಮಾತಾಡುತ್ತ ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು.

ನಾವು ನದಾಫರು. ಅಜ್ಜ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವನು. ಅಪ್ಪ ಚಿಂದಿ ಎಳೆಯುತ್ತ ಪಕ್ಕದವರಿಗೆ ಹೇಳುತ್ತಿದ್ದ: "ನಮ್ಮಪ್ಪ ಹತ್ತೀಲೆ ಮಂದೀಗೆ ನಿದ್ದಿ ಕೊಟ್ಟ. ನಾ ನೋಡು, ಅದ ಹತ್ತಿ ಬಂದೂಕಿನ ಗಂಟಲದಾಗ ತುರಕಾಕತ್ತೀನಿ."

ವರ್ಷಕ್ಕೊಮ್ಮೆ ಖಂಡೇಪೂಜೆಯ ದಿನ ಮಾತ್ರ ನಮಗೆ ಆಯುಧಗಳ ಕೋಣೆಯೊಳಗೆ ಪ್ರವೇಶ. ಬಂದೂಕುಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು, ಮದುವೆಗೆ ಹೊರಟವರ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಅಪ್ಪ ತನ್ನದನ್ನು ದೂರದಿಂದಲೇ ತೋರಿಸುತ್ತಿದ್ದ. "ಅಕಾ, ಆ ಮೂಲ್ಯಾಗಿನದು. ನಂದು." ನಂದು ಎನ್ನುವಾಗ ಅವನ ಎದೆ ಸ್ವಲ್ಪ ಮುಂದೆ ಬರುತ್ತಿತ್ತು. ಆದರೆ ಅದು ಅವನದಾಗಿರಲಿಲ್ಲ. ಸರ್ಕಾರದ್ದು. ಬೆಳಿಗ್ಗೆ ಸಹಿ ಮಾಡಿ ತೆಗೆದುಕೊಳ್ಳಬೇಕು, ಸಂಜೆ ಸಹಿ ಮಾಡಿ ಒಪ್ಪಿಸಬೇಕು. ಒಮ್ಮೆ ನಾನು, "ಅಪ್ಪಾ, ಒಂದ್ಸಲ ಮನೀಗೆ ಕರ್ಕೊಂಡ್ ಬಾ ಅದನ್ನ," ಎಂದು ಹಟ ಹಿಡಿದಿದ್ದೆ. "ಅದೇನ್ ಬೀಗರೇನವಾ, ಊಟಕ್ಕ ಕರ್ಯಾಕ?" ಎಂದು ನಕ್ಕಿದ್ದ. ಚುರಮುರಿ ತಿನ್ನುತ್ತ ಮನೆಗೆ ಬಂದೆವು.

ಇಂಥ ಅಪ್ಪನ ಮಗಳು ನಾನು. ಕಾನ್‌ಸ್ಟೇಬಲ್ ಆಗಬೇಕೆಂದು ಊರಲ್ಲೇ ಆಸೆಪಟ್ಟಿದ್ದೆ. ಮದುವೆಯಾಯಿತು, ವಿಮಾನ ಹತ್ತಿದೆ, ಮಗಳು ಜೋಯಾ ಹುಟ್ಟಿದಳು, ಆಸೆ ಅಟ್ಟ ಸೇರಿತು. ಇಲ್ಲಿ ನಲವತ್ತರ ಹತ್ತಿರದವರನ್ನೂ ಸೇರಿಸಿಕೊಳ್ಳುತ್ತಾರೆ ಎಂದು ತಿಳಿದಾಗ ಅಟ್ಟದಿಂದ ಇಳಿಸಿದೆ. ತರಬೇತಿ ಮುಗಿದ ದಿನದ ಕವಾಯತನ್ನು ಅಪ್ಪ ಫೋನಿನಲ್ಲಿ ನೋಡಿದ. ಕ್ವಾರ್ಟರ್ಸಿನ ಹಳೆಯ ಗೆಳೆಯರನ್ನೆಲ್ಲ ಕೂರಿಸಿಕೊಂಡು ನೋಡಿದನಂತೆ.

"ಕವಾಯತು ಭಾಳ ಚಲೋ ಆತವಾ. ಹೆಜ್ಜಿ ಸ್ವಲ್ಪ ಸಣ್ಣ ಇಡ್ತೀ. ಮತ್ತ ಕೈಯಾಗ ಏನೂ ಇರಲಿಲ್ಲಲ್ಲ?"

"ಇಲ್ಲಿ ಕೊಡಂಗಿಲ್ಲಪ್ಪಾ."

ಅಪ್ಪ ದನಿ ತಗ್ಗಿಸಿ, "ತಿಳೀತು, ತಿಳೀತು. ಗುಪ್ತ ಇಟ್ಟಿರ್ತಾರ. ಫೋನಿನ್ಯಾಗ ಹೇಳಬ್ಯಾಡ," ಅಂದ. ಮುಂದೆ ಬಹಳ ಕಾಲ ಕ್ವಾರ್ಟರ್ಸಿನಲ್ಲಿ, ಶಬ್ಬೂನ, ಅಂದರೆ ನನ್ನ, ಹತ್ತಿರ ಎಂಥದೋ ಕಾಣದ ಬಂದೂಕಿದೆ ಎಂಬ ಸುದ್ದಿ ಓಡಾಡುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ಹೆಗ್ಗಣಕ್ಕೆ ಒಂದು ಬಂದೂಕನ್ನೂ ಕೊಟ್ಟು ಮುದ್ದು ಮಾಡಿದರೆ ನಾನೇನು ಮಾಡಲಿ?

ಈ ಗುಟ್ಟು ಒಡೆದದ್ದು ನನ್ನ ಕಾಕಾನ ಮಗ ಸಲೀಮನಿಂದ. ಅವನೂ ಪೊಲೀಸೇ, ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಅವನ ಇಲಾಖೆಯಲ್ಲಿ ಗಸ್ತಿನ ಕಾರಿನಲ್ಲಿ ಇಡುವ ಬಂದೂಕನ್ನು ಪೊಲೀಸರು ಸ್ವಂತಕ್ಕೆ ಕೊಳ್ಳಬಹುದಂತೆ. ಇಂತಿಂಥ ಬಂದೂಕು ನಡೆಯುತ್ತವೆ ಎಂದು ಮೇಲಿನವರು ಹೇಳಿರುತ್ತಾರೆ, ಅದರಲ್ಲಿ ತಮಗೆ ಒಗ್ಗುವುದನ್ನು ಆರಿಸಿಕೊಳ್ಳಬೇಕು. ಸಲೀಂ ಮೂರು ಬಂದೂಕಿನ ಚಿತ್ರ ತೆಗೆದು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿ, "ಯಾವುದು ತಗೊಳ್ಳಲಿ?" ಎಂದು ಕೇಳಿದ. ಹೆಣ್ಣು ನೋಡಲು ಹೋದವರೂ ಅಷ್ಟು ಚರ್ಚೆ ಮಾಡಲಿಕ್ಕಿಲ್ಲ. ಒಬ್ಬರು ಉದ್ದ ಸಾಲದು ಎಂದರು, ಇನ್ನೊಬ್ಬರು ಕಾರಿನ ಡಿಕ್ಕಿ ಎಷ್ಟು ದೊಡ್ಡದು ಎಂದು ಕೇಳಿದರು. ಹಸೀನಾ ಅತ್ತಿ, ಅಪ್ಪನ ತಂಗಿ, "ಎಲ್ಲಾ ಕರೇವ ಅದಾವಲ್ಲ, ಬ್ಯಾರೆ ಬಣ್ಣ ಇಲ್ಲೇನೋ?" ಎಂದು ಕೇಳಿದಳು.

ಕೊನೆಗೆ ಅಪ್ಪನ ಧ್ವನಿಮುದ್ರಿತ ತೀರ್ಪು ಬಂತು. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ: "ಸಲೀಮಾ, ಹಗುರ ಇದ್ದದ್ದು ತಗೊ. ಹಾರಸೋ ಪಾಳಿ ಯಾರಿಗೂ ಬರೂದಿಲ್ಲ, ಹೊರೋ ಪಾಳಿ ಎಲ್ಲಾರಿಗೂ ಬರತೈತಿ." ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಶಬ್ಬೂ, ನೋಡಿದೇನವಾ? ನೀ ಯಾವಾಗ ತಗೋತಿ ನಿಂದೊಂದು?"

ಗುಂಪಿನಲ್ಲಿ ನಲವತ್ತು ಜನ. ಎಲ್ಲರೂ ನನ್ನ ಉತ್ತರಕ್ಕೆ ಕಾದು ಕೂತ ಹಾಗಾಯಿತು. ಇಲ್ಲಿ ನನಗೆ ಬಂದೂಕೇ ಇಲ್ಲ, ಇದ್ದದ್ದೂ ಇಲ್ಲ, ಗುಪ್ತವೂ ಇಲ್ಲ ಎಂದು ಅಲ್ಲೇ ಬರೆದುಬಿಟ್ಟೆ. ಬರೆದ ಮೇಲೆ ನನಗೇ ಏನೋ ಒಂಥರಾ ಬೋಳು ಬೋಳು ಅನಿಸಿ, ಕೆಳಗೆ ಸೇರಿಸಿದೆ: "ಆದರೆ ನಾನೂ ಈ ತಿಂಗಳು ಸ್ವಂತದ್ದೊಂದು ತಗೊಳ್ಳೋಳಿದ್ದೀನಿ. ಟಾರ್ಚು."

ಇದು ಬಾಯಿಗೆ ಬಂದ ಸುಳ್ಳೇನೂ ಅಲ್ಲ. ನಮ್ಮ ಠಾಣೆಯಲ್ಲಿ ಎಲ್ಲರ ಬಳಿಯೂ ಸ್ವಂತ ದುಡ್ಡಿನ ಟಾರ್ಚಿದೆ. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುವ ದೇಶದಲ್ಲಿ ಅದು ಅರ್ಧ ಕಣ್ಣು. ಯಾರ ಟಾರ್ಚು ಎಷ್ಟು ದೂರ ಹೋಗುತ್ತದೆ, ಗುಂಡಿ ಬೆನ್ನಿಗಿರಬೇಕೋ ಪಕ್ಕಕ್ಕಿರಬೇಕೋ ಎಂದು ಊಟದ ಹೊತ್ತಿನಲ್ಲಿ ಜಗಳವಾಗುತ್ತದೆ. ನಾನು ಮಾತ್ರ ಅದುವರೆಗೆ ಬೇರೆಯವರದನ್ನು ಕಡ ತೆಗೆದುಕೊಂಡು ಕಾಲ ಕಳೆದಿದ್ದೆ.

ನನ್ನ ಬೀಟಿನ ಜೊತೆಗಾರ ಡೆಕ್ಲನ್. ಪಶ್ಚಿಮದ ಮೇಯೋ ಸೀಮೆಯ ರೈತರ ಮನೆಯವನು, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ಮಾತು ಮಾತ್ರ ಮೆತ್ತಗೆ. ಅವನ ಟಾರ್ಚು ಕಿರುಬೆರಳಿಗಿಂತ ಸ್ವಲ್ಪ ದೊಡ್ಡದು, ಸುತ್ತಲೂ ಟೇಪು. ಅವನನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಬೆಟ್ಟ ಹತ್ತುವವರಿಗೆ, ಕಾವಲುಗಾರರಿಗೆ ಸಾಮಾನು ಮಾರುವ ಅಂಗಡಿ. ಗಾಜಿನ ಪೆಟ್ಟಿಗೆಯೊಳಗೆ ಟಾರ್ಚುಗಳು ಕರ್ರಗೆ ಮಿರ್ರಗೆ ಮಲಗಿದ್ದವು. ನಾನು ಒಂದೊಂದನ್ನೇ ತೆಗೆಸಿ ಕೈಯಲ್ಲಿ ತೂಗಿದೆ, ಬೆಲ್ಟಿಗೆ ಸಿಕ್ಕಿಸಿ ನಡೆದೆ, ಕೂತೆ, ಎದ್ದೆ. ಸೀರೆ ಅಂಗಡಿಯಲ್ಲಿ ನಾನು ಇಷ್ಟು ಹೊತ್ತು ತೆಗೆದುಕೊಂಡದ್ದಿಲ್ಲ.

"ಅದೆಲ್ಲ ಬಿಡು," ಅಂದ ಡೆಕ್ಲನ್. "ಹಲ್ಲಲ್ಲಿ ಕಚ್ಚಿ ಹಿಡೀಲಿಕ್ಕೆ ಆಗುತ್ತಾ ನೋಡು."

"ಯಾಕೆ?"

"ಮಳೇಲಿ ನಿಂತು ಒಂದು ಕೈಲಿ ಪುಸ್ತಕ, ಒಂದು ಕೈಲಿ ಪೆನ್ನು ಹಿಡಿದಾಗ ಮೂರನೇ ಕೈ ಎಲ್ಲಿಂದ ತರ್ತೀಯ?"

ಮಾತು ಸರಿಯೇ ಇತ್ತು. ಆದರೆ ಅಂಗಡಿಯಾಕೆಯ ಮುಂದೆ ಸರಕನ್ನು ಬಾಯಿಗೆ ಇಟ್ಟುಕೊಳ್ಳಲು ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಸಲೀಮನ ಬಂದೂಕಿನ ಚಿತ್ರದ ಪಕ್ಕದಲ್ಲಿ ನನ್ನದು ನಿಲ್ಲಬೇಕಾಗಿತ್ತು. ಬೆರಳಿನಷ್ಟು ಉದ್ದದ್ದನ್ನು ಹೇಗೆ ನಿಲ್ಲಿಸಲಿ? ಇದ್ದುದರಲ್ಲೇ ದೊಡ್ಡದು, ಎಲ್ಲಕ್ಕಿಂತ ಹೆಚ್ಚು ಬೆಳಕಿನದು, ಮೂತಿಗೆ ಹಲ್ಲು ಹಲ್ಲಾದ ಬಳೆಯಿದ್ದದ್ದನ್ನು ಆರಿಸಿದೆ. ಡೆಕ್ಲನ್ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಗ್ರ್ಯಾಂಡ್," ಅಂದ. ಈ ದೇಶದಲ್ಲಿ ಗ್ರ್ಯಾಂಡ್ ಎಂದರೆ ಭರ್ಜರಿ ಎಂದಲ್ಲ, 'ಆಯ್ತು ಬಿಡು' ಎಂದು. ಅಷ್ಟು ವರ್ಷ ಇಲ್ಲಿದ್ದೂ ಅವತ್ತು ನಾನು ಅದನ್ನು ಭರ್ಜರಿ ಎಂದೇ ಕೇಳಿಸಿಕೊಂಡೆ.

ಚಿತ್ರ ತೆಗೆದು ಗುಂಪಿಗೆ ಹಾಕಿದೆ. ಹಸೀನಾ ಅತ್ತಿ, "ಇದೂ ಕರೇದ ಏನ?" ಅಂದಳು. ಅಪ್ಪ ಬರೀ ಒಂದು ಹೆಬ್ಬೆರಳು ಒತ್ತಿದ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಕಂಡಕಂಡಲ್ಲಿ ಬೆಳಕು ಬಿಟ್ಟೆ. ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ಒಂದು ಸಂಜೆ ಗಾಡಿಗಳನ್ನು ತಪಾಸಣೆ ಮಾಡುತ್ತಿದ್ದೆವು. ಕುರಿ ತುಂಬಿದ ಗಾಡಿ ಎಳೆದುಕೊಂಡು ಬಂದ ಮುದುಕನ ಮುಖಕ್ಕೆ ನನ್ನ ಹೊಸ ಬ್ಯಾಟರಿ ಬಿಟ್ಟೆ. ಅವನು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು, "ತಾಯೀ, ಸ್ವರ್ಗದ ಬಾಗಿಲು ತೆರೀತು ಅಂದ್ಕೊಂಡೆ. ಸ್ವಲ್ಪ ತಡಿಯಮ್ಮ, ಕುರಿ ಇಳಿಸಿ ಬಂದುಬಿಡ್ತೀನಿ," ಅಂದ. ಹಿಂದಿನ ಕುರಿಗಳೆಲ್ಲ ಒಟ್ಟಿಗೆ ಅರಚಿದವು. ಡೆಕ್ಲನ್ ಬೇಲಿಯ ಕಡೆ ಮುಖ ಮಾಡಿ ನಿಂತಿದ್ದ, ಭುಜ ಮಾತ್ರ ಅಲ್ಲಾಡುತ್ತಿತ್ತು.

ಆ ವರ್ಷ ಶರತ್ಕಾಲದಲ್ಲಿ ಅಪ್ಪ ಬಂದ. ನನ್ನ ತಮ್ಮನ ಹೆಂಡತಿಯ ಬಾಣಂತನವೆಂದು ಅವ್ವ ಧಾರವಾಡದಲ್ಲೇ ಉಳಿದಳು, ಇವನೊಬ್ಬನೇ ಬಂದ. ಬಂದ ಮರುದಿನವೇ ನನ್ನ ಬೆಲ್ಟನ್ನು ಮೇಜಿನ ಮೇಲೆ ಹರವಿ ಒಂದೊಂದನ್ನೇ ತಪಾಸಣೆ ಮಾಡಿದ. ಲಾಠಿಗೆ ಪಾಸು. ಕೈಕೋಳಕ್ಕೆ ಪಾಸು. ಬ್ಯಾಟರಿಯನ್ನು ಎತ್ತಿ, ತಿರುಗಿಸಿ, ಹಚ್ಚಿ, ಆರಿಸಿ ಕೆಳಗಿಟ್ಟ.

"ಇದನ್ನ ಹಿಡ್ಕೊಂಡ ಪೊಲೀಸ್ ಕೆಲಸಾ ಮಾಡ್ತೀಯೇನವಾ? ನಮ್ಮಲ್ಲೆ ಹೊಲಕ್ಕ ನೀರ್ ಹಾಯ್ಸಾವ್ರು ಹಿಡ್ಕೊಂಡ್ ಹೋಗ್ತಾರಲ್ಲ."

"ಕಳ್ಳರಿಗೆ ಇದ ಸಾಕಪ್ಪಾ, ಕುರಡ ಆಗ್ತಾರ," ಅಂದೆ. ಅಪ್ಪ ನಗಲಿಲ್ಲ.

ಜೋಯಾ ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಡಬ್ಲಿನ್ನಿನ ಇಂಗ್ಲಿಷಿನಲ್ಲಿ. "ಶೀ ಈಸ್ ಗ್ರ್ಯಾಂಡ್, ಅಜ್ಜಾ," ಎಂದು ಅಜ್ಜನಿಗೆ ಧೈರ್ಯ ಹೇಳಿದಳು.

ಅಪ್ಪ ದಿನಾ ಬೆಳಿಗ್ಗೆ ಶಾಪಿಂಗ್ ಸೆಂಟರಿಗೆ ಹೋಗಿ ಒಂದೆರಡು ಸುತ್ತು ಹಾಕುತ್ತಿದ್ದ. ಹೊರಗೆ ಮಳೆ, ಒಳಗೆ ಬೆಚ್ಚಗೆ. ಅಲ್ಲಿನ ಕಾವಲುಗಾರ ಗೋಡೆಗೆ ಒರಗಿ ನಿಲ್ಲುವುದು ಅವನಿಗೆ ಸರಿಬರುತ್ತಿರಲಿಲ್ಲ. ಸಂಜೆ ಟ್ರಾಮ್ ನಿಲ್ದಾಣದ ಬೆಂಚಿನಲ್ಲಿ ಕೂತು ಲುವಾಸ್, ಅಂದರೆ ಇಲ್ಲಿಯ ಟ್ರಾಮು, ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದ. ನಾನು ಬೀಟಿನಲ್ಲಿ ಆ ಕಡೆ ಬಂದರೆ ಗುರುತೇ ಇಲ್ಲದವನ ಹಾಗೆ ನೆಟ್ಟಗೆ ಕೂತಿರುತ್ತಿದ್ದ. ಡ್ಯೂಟಿಯಲ್ಲಿರುವವರನ್ನು ಮಾತಾಡಿಸಬಾರದು ಎಂಬುದು ಅವನ ಶಿಸ್ತು.

ಒಂದು ದಿನ ನನ್ನ ತುಟಿ ಒಡೆದಿತ್ತು. ಅಂಗಡಿಯಿಂದ ಕದ್ದು ಓಡುತ್ತಿದ್ದವನನ್ನು ಹಿಡಿಯಲು ಹೋಗಿ ಅವನ ಮೊಣಕೈ ತಗುಲಿದ್ದು, ಅಷ್ಟೇ. ಆದರೆ ಬಾಗಿಲು ತೆರೆದ ಅಪ್ಪ ನನ್ನ ಮುಖ ನೋಡಿ ಹಾಗೇ ನಿಂತ. ಊಟಕ್ಕೆ ಕೂತವನು ತುತ್ತು ಎತ್ತಲಿಲ್ಲ.

"ಶಬ್ಬೂ, ನನ್ನ ಮಾತ ಕೇಳ್ತೀಯಾ?"

"ಹೇಳಪ್ಪಾ."

"ಇಲ್ಲೂ ಬಂದೂಕಿನ ಪೊಲೀಸ್ರು ಅದಾರಂತ ಇಮ್ತಿಯಾಜ ಹೇಳಿದ. ಅದಕ್ಕ ಅರ್ಜಿ ಹಾಕು. ಇಲ್ಲಂದ್ರ ಈ ನೌಕರಿ ಬಿಡು. ಕೈಯಾಗ ಏನೂ ಇಲ್ಲದ ಹೋಗೋದು ಪೊಲೀಸ್ ಕೆಲಸ ಅಲ್ಲವಾ, ಬಲಿ ಕೊಟ್ಟಂಗ. ನಾ ವಿಮಾನ ಹತ್ತೂದ್ರಾಗ ಹೇಳು."

ಇದ್ದಾರೆ, ನಿಜ. ಬೇರೆ ದಳ, ಬೇರೆ ತರಬೇತಿ. ಕರೆ ಬರುವವರೆಗೆ ಕಾಯುವುದು, ಬಂದಾಗ ಕಾರಿನಲ್ಲಿ ಹಾರುವುದು. ಅವರ ಮೇಲೆ ನನಗೆ ಗೌರವವಿದೆ. ಆದರೆ ನನಗೆ ಬೇಕಾದದ್ದು ಅದಲ್ಲ. ನನಗೆ ನನ್ನ ಬೀಟು ಬೇಕು. ನಡೆದು ಹೋಗುವ ಗಾರ್ಡನ್ನು ಜನ ನಿಲ್ಲಿಸುತ್ತಾರೆ. ಸೊಸೆ ಮಾತು ಬಿಟ್ಟದ್ದು, ಬೆಕ್ಕು ಮರ ಹತ್ತಿದ್ದು, ಪಕ್ಕದ ಮನೆಯವನು ಕಸ ತಂದು ಸುರಿದದ್ದು ಎಲ್ಲ ಹೇಳುತ್ತಾರೆ. ಮೊದಲ ಸಲ ಒಬ್ಬಾಕೆ ತನ್ನ ಆಸ್ಪತ್ರೆಯ ಕಾಗದವನ್ನು ನನ್ನ ಕೈಗೆ ಕೊಟ್ಟು ಓದಿಸಿಕೊಂಡ ದಿನ ನಾನು ಮನೆಗೆ ಹಾರಿಕೊಂಡೇ ಬಂದಿದ್ದೆ. ಹೊರಗಿನಿಂದ ಬಂದವಳಿಗೆ ಈ ಊರು ಬಾಗಿಲು ತೆರೆದದ್ದು ಈ ಕೆಲಸದಿಂದ. ಅದನ್ನು ಬಿಡಲು ನನ್ನಿಂದ ಆಗುತ್ತಿರಲಿಲ್ಲ. ಅಪ್ಪನ ಮಾತು ಮೀರಿಯೂ ನನಗೆ ಅಭ್ಯಾಸವಿರಲಿಲ್ಲ. ಅವನ ಖಾಕಿ ನೋಡಿಯೇ ಪೊಲೀಸ್ ಆದವಳು ನಾನು. ಅವನೇ ಇದು ಪೊಲೀಸ್ ಕೆಲಸವಲ್ಲ ಎಂದ ಮೇಲೆ ಸಮವಸ್ತ್ರ ಹಾಕಿಕೊಳ್ಳುವಾಗ ಗುಂಡಿ ಹಾಕುವ ಕೈಗೆ ಉತ್ಸಾಹವೇ ಇರುತ್ತಿರಲಿಲ್ಲ. "ನೋಡ್ತೀನಪ್ಪಾ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ದಿನ ತಳ್ಳಿದೆ. ಅಪ್ಪ ಬಿಡಲಿಲ್ಲ. ದಿನಾ ಊಟಕ್ಕೆ ಕೂತಾಗ, "ನೋಡಿದೇನು?" ಎಂದು ಕೇಳುತ್ತಿದ್ದ.

ಅವನು ಹೊರಡುವ ವಾರವೂ ಬಂತು. ನವೆಂಬರಿನ ಸಂಜೆ, ದೀಪ ಹತ್ತುವ ಹೊತ್ತು. ಟ್ರಾಮ್ ನಿಲ್ದಾಣದಲ್ಲಿ ಒಬ್ಬ ಒಡೆದ ಬಾಟಲಿ ಹಿಡಿದು ಕೂಗಾಡುತ್ತಿದ್ದಾನೆಂದು ರೇಡಿಯೋದಲ್ಲಿ ಬಂತು. ಡೆಕ್ಲನ್ ಮತ್ತು ನಾನು ಅಲ್ಲೇ ಹತ್ತಿರದಲ್ಲಿದ್ದೆವು, ಓಡಿದೆವು. ಜನ ದೂರ ಸರಿದು ಅರ್ಧ ವೃತ್ತ ಕಟ್ಟಿ ನಿಂತಿದ್ದರು. ನಡುವೆ ದೊಡ್ಡ ಆಳು, ಅರವತ್ತರ ಆಸುಪಾಸು, ತೊಯ್ದ ಕೋಟು. ಕೈಯಲ್ಲಿ ಬಾಟಲಿಯ ಕತ್ತು. "ಮಾಲೀ! ಮಾಲೀ!" ಎಂದು ಹಳಿಯ ಕಡೆಗೆ ಕೂಗುತ್ತಿದ್ದ. ಅವನ ಹಿಂದೆ ಬೆಂಚಿನ ಮುಂದೆ ಎದ್ದು ನಿಂತಿದ್ದವನು ನನ್ನ ಅಪ್ಪ.

ಡೆಕ್ಲನ್ ಜನರನ್ನು ಇನ್ನೂ ಹಿಂದಕ್ಕೆ ಸರಿಸಲು ಹೋದ. ನಾನು ಮುಂದೆ ಹೋದೆ. ಬಾಟಲಿಯವನ ಕೈ ಕಾಣಲೆಂದು ನನ್ನ ಭರ್ಜರಿ ಬ್ಯಾಟರಿ ಹಚ್ಚಿದೆ. ಬೆಳಕು ಮುಖಕ್ಕೆ ಬಿದ್ದದ್ದೇ ತಡ, ಅವನು ಸಿಡಿದೆದ್ದು ಬಾಟಲಿಯನ್ನು ಮೇಲೆತ್ತಿದ. ಅಷ್ಟು ಹುಡುಕಿ ಕೊಂಡ ಬೆಳಕು ಇದ್ದ ಕೆಲಸವನ್ನು ಕೆಡಿಸಿತ್ತು. ಹೆದರಿಕೆಯಾಯಿತೇ ಎಂದು ಕೇಳಿದರೆ ಆಯಿತು ಎಂದೇ ಹೇಳುತ್ತೇನೆ. ಆದರೆ ಅವನ ಮುಖ ನೋಡಿದ್ದೆ. ಅದು ಹೊಡೆಯಲು ಬಂದವನ ಮುಖವಲ್ಲ, ಅಳುತ್ತಿದ್ದವನದು. ಬ್ಯಾಟರಿ ಆರಿಸಿ ಕಿಸೆಗೆ ಹಾಕಿದೆ. ಎರಡೂ ಕೈ ಬಿಡಿಸಿ ತೋರಿಸುತ್ತ, ಇದ್ದಲ್ಲೇ ನಿಂತೆ.

"ನನ್ನ ಹೆಸರು ಶಬಾನಾ. ನಿಮ್ಮ ಹೆಸರು?"

ಅವನು ನನ್ನನ್ನು ನೋಡಿದ. "ಫಿಂಟನ್," ಅಂದ.

"ಮಾಲಿ ಯಾರು, ಫಿಂಟನ್?"

"ನನ್ನ ನಾಯಿ." ಅಷ್ಟು ದೊಡ್ಡ ಮನುಷ್ಯನ ಧ್ವನಿ ಒಡೆಯಿತು. "ಟ್ರಾಮ್ ಹತ್ತಿಬಿಟ್ಲು. ಬಾಗಿಲು ಹಾಕ್ಕೊಂಡುಬಿಡ್ತು. ಅವಳಿಗೆ ದಾರಿ ಗೊತ್ತಿಲ್ಲ. ಅವಳು ಒಬ್ಬಳೇ ಎಲ್ಲೂ ಹೋಗಿಲ್ಲ."

ನಗು ಬರಬೇಕಾದ ಮಾತು. ಅಲ್ಲಿ ಯಾರಿಗೂ ಬರಲಿಲ್ಲ. ಬಣ್ಣ ಯಾವುದು, ಎಷ್ಟು ವಯಸ್ಸು ಎಂದು ಕೇಳಿದೆ. ಕಂದು, ಒಂದು ಕಿವಿ ಬಿಳಿ, ಹನ್ನೊಂದು ವರ್ಷ. ಹೇಳುತ್ತ ಹೇಳುತ್ತ ಅವನ ತೋಳು ತಾನಾಗಿ ಇಳಿಯಿತು. ನಾನು ರೇಡಿಯೋದಲ್ಲಿ, ಮುಂದಿನ ನಿಲ್ದಾಣ ಆಸ್ಪತ್ರೆಯದು, ಅಲ್ಲಿ ಟ್ರಾಮಿನಲ್ಲಿ ಒಂದು ನಾಯಿಯಿದೆಯೇ ನೋಡಿಸಿ ಎಂದೆ. ಇಬ್ಬರೂ ಹಳಿಯ ಕಡೆ ನೋಡುತ್ತ ಉತ್ತರಕ್ಕೆ ಕಾದೆವು. ಆಮೇಲೆ ರೇಡಿಯೋ ಕರಕರ ಎಂದು, ನಾಯಿ ಆಸ್ಪತ್ರೆಯ ನಿಲ್ದಾಣದಲ್ಲಿ ಒಬ್ಬ ನರ್ಸಮ್ಮನ ಕಾಲ ಬಳಿ ಕೂತಿದೆ, ಸ್ಯಾಂಡ್‌ವಿಚ್ ತಿನ್ನುತ್ತಿದೆ ಎಂದು ಹೇಳಿತು.

"ಅವಳಿಗೆ ಸೌತೆಕಾಯಿ ಆಗಲ್ಲ," ಅಂದ ಫಿಂಟನ್ ಗಾಬರಿಯಿಂದ.

"ತೆಗೆದು ಕೊಡ್ಲಿಕ್ಕೆ ಹೇಳ್ತೀನಿ. ಅದನ್ನ ನನಗೆ ಕೊಡಿ, ಹೋಗೋಣ."

ಬಾಟಲಿಯ ಕತ್ತನ್ನು, ಚೂಪು ಭಾಗ ತನ್ನ ಕಡೆಗೆ ಇರುವ ಹಾಗೆ ತಿರುಗಿಸಿ, ನನ್ನ ಕೈಗೆ ಕೊಟ್ಟ. ಮುಂದಿನದನ್ನೆಲ್ಲ ಡೆಕ್ಲನ್ ನೋಡಿಕೊಂಡ. ಬಾಟಲಿ ಎತ್ತಿದ್ದರ ಲೆಕ್ಕ ಆಮೇಲೆ. ಮೊದಲು ಇಬ್ಬರೂ ಹೋಗಿ ನಾಯಿ ಕರೆತಂದರು. ನಾನು ತಿರುಗಿ ನೋಡಿದಾಗ ಬೆಂಚು ಖಾಲಿಯಾಗಿತ್ತು.

ಶಿಫ್ಟು ಮುಗಿಸಿ ಮನೆಗೆ ಬಂದೆ. ಇಮ್ತಿಯಾಜ್ ಜೋಯಾಳನ್ನು ಈಜಿಗೆ ಕರೆದುಕೊಂಡು ಹೋಗಿದ್ದ. ಅಪ್ಪ ಅಡುಗೆಮನೆಯಲ್ಲಿ, ಕೋಟು ಕೂಡ ತೆಗೆಯದೆ ಕೂತಿದ್ದ. ನಾನು ಚಹಾಕ್ಕೆ ಇಟ್ಟೆ. ಇವತ್ತು ತೀರ್ಮಾನವಾಗುತ್ತದೆ ಎಂದು ಗೊತ್ತಿತ್ತು. ಕಣ್ಣಾರೆ ನೋಡಿದ ಮೇಲೆ ಅವನು ಬಿಡುವವನಲ್ಲ, ಅವನು ಅತ್ತರೆ ನಾನು ನಿಲ್ಲುವವಳಲ್ಲ.

"ನಾ ಅಲ್ಲೇ ಇದ್ದೆ," ಅಂದ ಅಪ್ಪ.

"ನೋಡಿದೆ."

"ಇದ್ದದ್ದೊಂದ ಬ್ಯಾಟ್ರಿ, ಅದನ್ನೂ ಆರಿಸಿ ಕಿಸೇದಾಗ ಹಾಕ್ಕೊಂಡಿ. ಜೀವ ಬಾಯಿಗೆ ಬಂದಂಗ ಆತ ನನಗ."

ಚಹಾ ಕುದಿಯುತ್ತಿತ್ತು. ಅಪ್ಪ ಮೇಜಿನ ಮೇಲೆ ತನ್ನ ಎರಡೂ ಅಂಗೈ ಇಟ್ಟು ಅವುಗಳನ್ನೇ ನೋಡುತ್ತಿದ್ದ.

"ಬಂದೂಕ ಹೆಗಲಿಗೆ ಹಾಕ್ಕೊಂಡು ಎಷ್ಟ್ ಊರಾಗ ನಿಂತೇನವಾ ನಾ. ಮಂದಿ ಬಂದೂಕ ನೋಡಿ ದಾರಿ ಬಿಡ್ತಿದ್ರು. ಅದನ್ನ ಮರ್ಯಾದಿ ಅಂತ ತಿಳ್ಕೊಂಡಿದ್ದೆ. ಒಬ್ಬರೂ ನನ್ನ ಹತ್ರ ಬಂದು, ನನ್ನ ನಾಯಿ ಕಳದೈತಿ ಅಂತ ಹೇಳಲಿಲ್ಲ."

ನನಗೆ ಒಮ್ಮೆಲೇ ಎದೆ ಹಗುರಾಯಿತು. ಆತುರಗೇಡಿ ನಾನು, "ಹಂಗಾದ್ರ ಇನ್ನ ನಿನಗ ಅಂಜಿಕಿ ಇಲ್ಲ ಅಲ್ಲಪ್ಪಾ?" ಅಂದೆ.

"ಯಾರ ಹೇಳಿದ್ರು?" ಅಪ್ಪ ತಲೆಯೆತ್ತಿದ. ಕಣ್ಣು ಕೆಂಪಾಗಿದ್ದವು. "ಹೆಚ್ಚಾಗೈತಿ. ಇಷ್ಟದಿನ ಮನಸಿನ್ಯಾಗ ನೋಡ್ತಿದ್ದೆ, ಈಗ ಕಣ್ಣೀಲೆ ನೋಡೇನಿ. ಆದ್ರ ಅಂಜಿಕಿ ನಂದು, ನಿಂದಲ್ಲ. ಅದನ್ನ ನಾ ಊರಿಗೆ ಹೊತ್ಕೊಂಡ್ ಹೋಗ್ತೀನಿ. ನೀ ಅರ್ಜಿ ಹಾಕಬ್ಯಾಡ."

ನಾನು ಒಲೆ ಆರಿಸಿ, ಅಪ್ಪನ ಮುಖವನ್ನೇ ನೋಡುತ್ತ ಚಹಾ ಸೋಸಲು ಹೋದೆ. ಸೋಸುತ್ತಿದ್ದ ಚಹಾ ಕಟ್ಟೆಯ ಮೇಲೆಲ್ಲ ಚೆಲ್ಲಿತು. ಅಪ್ಪ ಎದ್ದು ಬಂದು ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡ. ಕ್ವಾರ್ಟರ್ಸಿನ ನಮ್ಮ ಮನೆಯಲ್ಲಿ ಚಹಾ ಯಾರೇ ಮಾಡಲಿ, ಮೊದಲ ಕಪ್ಪು ಡ್ಯೂಟಿಯಿಂದ ಬಂದವರಿಗೆ. ಆ ಮನೆಯಲ್ಲಿ ಡ್ಯೂಟಿಗೆ ಹೋಗುತ್ತಿದ್ದವನು ಅವನೊಬ್ಬನೇ ಆದ್ದರಿಂದ ಅದು ಯಾವಾಗಲೂ ಅವನದೇ ಆಗಿತ್ತು. ನಾನು ಒಂದು ಕಪ್ಪನ್ನು ಅವನ ಮುಂದಕ್ಕೆ ಸರಿಸಿದೆ. ಅವನು ಅದರ ತುಂಬ ಸೋಸಿ, ತಿರುಗಿಸಿ, ಹಿಡಿಕೆ ನನ್ನ ಕಡೆ ಬರುವ ಹಾಗೆ ನನ್ನ ಮುಂದೆ ಇಟ್ಟ.

"ಕುಡಿ," ಅಂದ. "ಡ್ಯೂಟಿಯಿಂದ ಬಂದಾಕಿ ನೀನು."